ನಿಂತ ಲೈನಿಗೆ ಕಿವಿ ಕೊಡುವುದು

ಕೂಡ್ಲಿಗಿಯ ಒಂದು ಕಚೇರಿಗೆ ಹೊಸದಾಗಿ ಸೇರಿರುವ ಸುಮಾ ನಮ್ಮ ಓಣಿಯ ಹುಡುಗಿ. ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತಾಡಿಸುವ ಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಹೋದ ಭಾನುವಾರ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಡ್ರೈವರ್ ಸರಿಯಿಲ್ಲ ಅಜ್ಜಿ, ಡ್ರೈವರಿನಿಂದ ಸಾಕಾಗಿದೆ ಎಂದು ಗೋಳು ತೋಡಿಕೊಂಡಳು. ಯಾರೋ ಕುಡುಕ ಜೀಪ್ ಡ್ರೈವರ್ ಇರಬೇಕೆಂದುಕೊಂಡು, ಮೇಲಿನವರಿಗೆ ಹೇಳಿ ಬೇರೆಯವನನ್ನು ಹಾಕಿಸಿಕೋ ಎಂದು ನಾನು ಬುದ್ಧಿ ಹೇಳಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಯಂತ್ರವನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರಂತೆ.

ನಕ್ಕು ಮುಗಿಸಿದ ಮೇಲೆ ಬಿಡಿಸಿ ಹೇಳಿದಳು. ಕಳಿಸಬೇಕಾದ ಸುದ್ದಿಗಳೆಲ್ಲ ಒಳಗೆ ಸಾಲಾಗಿ ನಿಲ್ಲುತ್ತವೆ. ಮುಂದಿನ ದಾರಿ ತುಂಬಿಬಿಟ್ಟರೆ ಸಾಲನ್ನು ಅಲ್ಲಿಗೇ ನಿಲ್ಲಿಸಬೇಕು. ಹಾಗೆ ನಿಂತ ಸಾಲನ್ನು ಮತ್ತೆ ಮತ್ತೆ ಮುಟ್ಟಿ, ದಾರಿ ಆಯಿತೇ, ಆಯಿತೇ ಎಂದು ಕೇಳುತ್ತಿರಬೇಕೋ, ಇಲ್ಲಾ ಎಬ್ಬಿಸುವವರು ಬಂದು ಎಬ್ಬಿಸುವ ತನಕ ತೆಪ್ಪಗಿರಬೇಕೋ? ಅವರ ಕಚೇರಿಯಲ್ಲಿ ಇದೇ ದೊಡ್ಡ ಜಗಳವಂತೆ. ಈ ಸಲ ನಗುವ ಸರದಿ ನನ್ನದಾಯಿತು. ಅಯ್ಯೋ ಮಾರಾಯ್ತಿ, ಈ ಜಗಳವನ್ನು ನಾವು ನೀನು ಹುಟ್ಟುವ ಎಷ್ಟೋ ಮೊದಲೇ, ಸೀರೆ ಡಬ್ಬಿಯ ಒಂದು ಕೆಂಪು ರಟ್ಟು ಇಟ್ಟುಕೊಂಡು ಆಡಿ ಮುಗಿಸಿದ್ದೇವೆ ಎಂದೆ. ಹಾಗಾದರೆ ಬರೆದುಕೊಡಿ, ನಮ್ಮ ಹೊಸ ಹುಡುಗರಿಗೆ ಓದಿಸುತ್ತೇನೆ ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎಪ್ಪತ್ತರ ದಶಕದಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು. ಊರಿನ ಹೆಸರು ಬೇಡ. ಕೊಟ್ಟೂರಿಗೂ ಹತ್ತಿರ, ಕೂಡ್ಲಿಗಿಗೂ ದೂರವಲ್ಲ, ಅಷ್ಟು ಸಾಕು. ನಮ್ಮ ಸೂಪರ್‌ವೈಸರ್ ಪಂಪಯ್ಯನವರ ಮನೆಯವರು ಈಗಲೂ ಅಲ್ಲೇ ಇದ್ದಾರೆ, ಎದುರು ಸಿಕ್ಕರೆ ನನಗೆ ಚಹಾ ಕುಡಿಸದೆ ಕಳಿಸುವವರಲ್ಲ. ಆ ಚಹಾ ತಪ್ಪಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ನಮ್ಮದು ಕೈಯಿಂದ ನಡೆಸುವ ಬೋರ್ಡು. ಗೋಡೆಯಷ್ಟು ಎತ್ತರದ ಮರದ ಹಲಗೆ, ಅದರ ತುಂಬ ತೂತುಗಳು. ಹರಪನಹಳ್ಳಿಗೊಂದು, ಕೊಟ್ಟೂರಿಗೊಂದು, ಹಗರಿಬೊಮ್ಮನಹಳ್ಳಿಗೊಂದು, ಕೂಡ್ಲಿಗಿಗೊಂದು ಲೈನು. ಪ್ರತಿ ತೂತಿನ ಮೇಲೆ ಬೆರಳಗಲದ ಹಿತ್ತಾಳೆಯ ಮುಚ್ಚಳ. ಆ ಕಡೆಯವರು ತಮ್ಮ ಹಿಡಿಕೆ ತಿರುಗಿಸಿದರೆ ನಮ್ಮ ಮುಚ್ಚಳ ಟಪ್ಪೆಂದು ಬೀಳಬೇಕು, ನಾವು ವಯರಿನ ತುದಿಯನ್ನು ಆ ತೂತಿಗೆ ಸಿಕ್ಕಿಸಿ ಹಲೋ ಅನ್ನಬೇಕು. ಹಾಗೆ ಹಿಡಿಕೆ ತಿರುಗಿಸುವುದಕ್ಕೆ ನಮ್ಮ ಮಾತಿನಲ್ಲಿ ಬಡಿಯುವುದು ಎಂದು ಹೆಸರು. ಪರ ಊರಿಗೆ ಮಾತಾಡುವವರು, ಅಂದರೆ ಟ್ರಂಕ್ ಕಾಲ್ ಮಾಡುವವರು, ಬಂದು ಚೀಟಿ ಬರೆಸಿ ಬೆಂಚಿನ ಮೇಲೆ ಕಾಯಬೇಕು. ಒಂದೊಂದು ಊರಿಗೂ ಒಂದೊಂದು ಮೊಳೆ, ಮೊಳೆಗೆ ಚುಚ್ಚಿದ ಚೀಟಿಗಳ ಸಾಲು. ಎಂಬತ್ತರ ದಶಕದ ಕೊನೆಗೆ ತಾನೇ ತಾನಾಗಿ ಲೈನು ಕೊಡುವ ಯಂತ್ರ ಬಂತು, ಬೋರ್ಡು ಗುಜರಿಗೆ ಹೋಯಿತು. ಯಂತ್ರ ಒಳ್ಳೆಯದೇ, ನಾನು ಬೈಯುವುದಿಲ್ಲ. ಆದರೆ ಅದರ ಜೊತೆ ಹರಟೆ ಹೊಡೆಯಲು ಬರುತ್ತಿರಲಿಲ್ಲ.

ಆಗಿನ ಲೈನುಗಳು ಬಯಲಿನ ಕಂಬದ ಮೇಲಿನ ಬರಿ ತಂತಿಗಳು. ಗಾಳಿಗೆ ಜಾಲಿ ಮುಳ್ಳಿನ ಕೊಂಬೆ ಸಿಕ್ಕಿಕೊಂಡರೆ ಸತ್ತವು, ಕೋತಿ ಜೋತಾಡಿದರೆ ಸತ್ತವು, ಒಮ್ಮೊಮ್ಮೆ ಯಾವ ಕಾರಣವೂ ಇಲ್ಲದೆ ಮುನಿಸಿಕೊಂಡು ಸತ್ತವು. ಸರಿಮಾಡಲು ಲೈನ್‌ಮನ್ ಹುಸೇನ್‌ಸಾಬ್ ಸೈಕಲ್ ಏರಿ ಹೋಗಬೇಕು. ಮನುಷ್ಯ ಸಣಕಲ, ಮೀಸೆ ಮಾತ್ರ ಮುಖಕ್ಕಿಂತ ಅಗಲ. ಕಂಬ ಹತ್ತಿ, ತಂತಿ ಬಿಡಿಸಿ, ತನ್ನ ಹೆಗಲ ಚೀಲದ ಫೋನಿನಿಂದ ಎರಡೂ ಕಡೆಗೆ ಬಡಿದು, ಲೈನ್ ಆತ್ರಿ ಎಂದು ಹೇಳಿ ಇಳಿಯುವುದು ಅವನ ಕ್ರಮ.

ಒಂದು ದಿನ ಹರಪನಹಳ್ಳಿ ಲೈನು ಸತ್ತಿತ್ತು. ಶೇಂಗಾ ವ್ಯಾಪಾರದ ಶಿವಣ್ಣ ಬೆಂಚಿನ ಮೇಲೆ ಕೂತು, ಇನ್ನೊಮ್ಮೆ ನೋಡಮ್ಮ, ಇನ್ನೊಮ್ಮೆ ನೋಡು ಎಂದು ನನ್ನ ಜೀವ ತಿನ್ನುತ್ತಿದ್ದ. ಹುಸೇನ್‌ಸಾಬ್ ಕಂಬದ ಮೇಲಿರಬಹುದು, ಬಡಿಯಬಾರದು ಎಂದು ನಾನು ಹೇಳುತ್ತಲೇ ಇದ್ದೆ. ಒಳಗಿನಿಂದ ಪಂಪಯ್ಯನವರು ಹೊರಬಂದರು. ಅವರಿಗೆ ಸಾಹುಕಾರರೆದುರು ಸ್ವಲ್ಪ ಎದೆ ಉಬ್ಬಿಸುವ ಚಟ. ಅತ್ತ ಸರಿಯಮ್ಮ, ಲೈನನ್ನ ಹ್ಯಾಂಗ ಎಬ್ಬಿಸಬೇಕು ನಾ ತೋರಸ್ತೀನಿ ಎಂದು ನನ್ನ ಕುರ್ಚಿಯಲ್ಲಿ ಕೂತು, ಬಾವಿಯಿಂದ ನೀರು ಸೇದುವವರಂತೆ ಹಿಡಿಕೆಯನ್ನು ಗರಗರ ತಿರುಗಿಸಿದರು. ಲೈನು ಏಳಲಿಲ್ಲ. ಶಿವಣ್ಣ ಎದ್ದು ಮನೆಗೆ ಹೋದ.

ಸ್ವಲ್ಪ ಹೊತ್ತಿಗೆ ಹುಸೇನ್‌ಸಾಬ್ ಬಂದ. ಮೈಯೆಲ್ಲ ಕೆಮ್ಮಣ್ಣು, ಮೊಣಕೈ ತರಚಿತ್ತು, ಮೀಸೆ ಎರಡು ಕಡೆಗೆ ಎರಡು ದಿಕ್ಕು ನೋಡುತ್ತಿತ್ತು. ಹಿಡಿಕೆ ತಿರುಗಿಸಿದರೆ ಹುಟ್ಟುವ ಕರೆಂಟು ಕೊಲ್ಲುವುದಿಲ್ಲ, ಆದರೆ ತಂತಿ ಹಿಡಿದವನ ಕೈಯನ್ನು ಚೇಳಿನಂತೆ ಕುಟುಕುತ್ತದೆ. ಪಾಪ, ಅರ್ಧ ಕಂಬದಿಂದ ಜಾರಿ ಕೆಳಗಿನ ಸಜ್ಜೆ ಹೊಲದಲ್ಲಿ ಬಿದ್ದಿದ್ದ. ಬಯ್ಯುತ್ತಾನೆ ಎಂದುಕೊಂಡೆ. ಅವನು ಪಂಪಯ್ಯನವರ ಮುಂದೆ ಕೈಕಟ್ಟಿ ನಿಂತು, ಬಹಳ ವಿನಯದಿಂದ ಕೇಳಿದ:

“ಸಾಬ್, ನೀವು ಫೋನ್ ಮಾಡಿದ್ರಿ, ನಾನೇ ಎತ್ತಿಕೊಂಡೆ. ಏನ್ರಿ ಸಮಾಚಾರ?”

ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು, ನಗುವ ಹಾಗಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಬೋರ್ಡಿನ ಕಡೆ ತಿರುಗಿದೆ. ಪಂಪಯ್ಯನವರು ಕೆಂಪಾದರು, ಕಪ್ಪಾದರು, ಕಡೆಗೆ ತಮ್ಮ ಮನೆಯಿಂದಲೇ ಹುಸೇನ್‌ಸಾಬನಿಗೆ ಬಿಸಿ ಊಟ ತರಿಸಿದರು. ಒಳ್ಳೆಯವರೇ ಅವರು. ಅವರ ಕಷ್ಟವೆಂದರೆ, ಒಂದು ಕಡೆ ಸುಟ್ಟುಕೊಂಡರೆ ಊರಿನ ಒಲೆಗಳನ್ನೆಲ್ಲ ಆರಿಸಿಬಿಡುವ ಸ್ವಭಾವ.

ಮರುದಿನವೇ ಹೊಸ ನಿಯಮ ಬಂತು. ಹೆಂಡತಿಯ ಸೀರೆ ಡಬ್ಬಿಯ ಕೆಂಪು ರಟ್ಟನ್ನು ಅಂಗೈ ಅಗಲಕ್ಕೆ ಕತ್ತರಿಸಿ, ‘ನಿಂತಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ತಂದರು. ಯಾವ ಲೈನು ಸತ್ತರೂ ಅದರ ತೂತಿನ ಮೇಲೆ ಆ ರಟ್ಟನ್ನು ತೂಗುಹಾಕಬೇಕು. ತೂಗಿದ ಮೇಲೆ ಯಾರೂ ಬಡಿಯಕೂಡದು, ಮುಟ್ಟಕೂಡದು, ನೋಡಲೂ ಕೂಡದು. ಲೈನ್‌ಮನ್ ಬಡಿದು ಎಬ್ಬಿಸಿದ ಮೇಲೆ, ರಟ್ಟು ತೂಗಿದ ಕಡೆಯವರೇ ಮೊದಲು ಮಾತಾಡಬೇಕು. ಇದನ್ನು ಸುತ್ತಲಿನ ಊರಿನವರಿಗೂ ಫೋನಿನಲ್ಲೇ ಹೇಳಿ ಒಪ್ಪಿಸಿದರು. ಹರಪನಹಳ್ಳಿಯ ಆಪರೇಟರ್ ಈರಣ್ಣ ಬಲು ಮರ್ಯಾದಸ್ಥ. ಆಗಲಿ ಸಾರ್, ನೀವು ಬಡಿಯುವ ತನಕ ನಮ್ಮ ಕಡೆಯಿಂದ ಉಸಿರು ಬಿಡುವುದಿಲ್ಲ ಎಂದು ಮಾತು ಕೊಟ್ಟ.

ನಿಯಮ ಕೆಟ್ಟದ್ದಲ್ಲ, ಹುಸೇನ್‌ಸಾಬನ ಕೈಕಾಲು ಉಳಿಯಿತು. ಆದರೆ ಪಂಪಯ್ಯನವರು ಅದನ್ನು ಮೈಮೇಲೆ ಎಳೆದುಕೊಂಡ ಪರಿ ನೋಡಬೇಕಿತ್ತು. ಒಮ್ಮೆ ಹಗರಿಬೊಮ್ಮನಹಳ್ಳಿ ಲೈನು ಸತ್ತರೆ, ಕೂಡ್ಲಿಗಿಗೆ ಚೀಟಿ ಬರೆಸಲು ಬಂದವನನ್ನೂ ವಾಪಸ್ಸು ಕಳಿಸಿದರು. ಬೋರ್ಡಿಗೆ ರಟ್ಟು ಬಿದ್ದೈತಲ್ಲಪ, ಕಾಣಂಗಿಲ್ಲೇನು ಎಂದರು. ಅವನು ಸೈಕಲ್ ತುಳಿದು ಕೂಡ್ಲಿಗಿಗೆ ಹೋಗಿ, ಮಾತಾಡುವುದನ್ನು ಎದುರೆದುರೇ ಮಾತಾಡಿ, ಅಲ್ಲೇ ಊಟ ಮಾಡಿ ಬಂದು ಇಣುಕಿ ನೋಡಿದ. ರಟ್ಟು ಇನ್ನೂ ತೂಗುತ್ತಿತ್ತು. ಒಂದು ಲೈನು ನಿಂತರೆ ಆ ಒಂದೇ ಸಾಲು ನಿಲ್ಲಬೇಕು, ಉಳಿದವರೇನು ಪಾಪ ಮಾಡಿದ್ದಾರೆ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಮಕ್ಕಳೇ, ನಿಮ್ಮ ಯಂತ್ರದಲ್ಲೂ ಇಂಥ ಪಂಪಯ್ಯ ಒಬ್ಬ ಕೂತಿದ್ದರೆ ಮೊದಲು ಅವನನ್ನು ಹುಡುಕಿ.

ಈಗ ಹುಲಿಗೆಮ್ಮನ ದಿನದ ಕಥೆಗೆ ಬರುತ್ತೇನೆ. ಹುಲಿಗೆಮ್ಮ ನಮ್ಮ ಎಕ್ಸ್‌ಚೇಂಜಿನ ಕಸ ಗುಡಿಸಿ ನೀರು ತುಂಬುವವಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು ರೇಣುಕಾ. ಆ ಹುಡುಗಿ ಹತ್ತನೆಯದು ಪಾಸಾಗಿ, ಹರಪನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. ಸೀಟುಗಳೆಲ್ಲ ತುಂಬಿ, ಇವಳು ಕಾಯುವವರಲ್ಲಿ ಮೊದಲನೆಯವಳಾಗಿ ಉಳಿದಳು. ಅಲ್ಲಿನ ದೊಡ್ಡ ಸಿಸ್ಟರ್ ಕರುಣೆಯುಳ್ಳ ಹೆಂಗಸು. ಆಯ್ಕೆಯಾದವರಲ್ಲಿ ಒಬ್ಬಳು ಬರುವುದು ಅನುಮಾನ, ಸೋಮವಾರ ಅವಳು ಬರದಿದ್ದರೆ ಸೀಟು ನಿನಗೆ, ಫೋನ್ ಮಾಡುತ್ತೇನೆ, ನಿನ್ನ ತಾಯಿ ಒಪ್ಪಿಗೆ ಹೇಳಬೇಕು, ಅವತ್ತು ಸಂಜೆಯೊಳಗೆ ನೀನು ಇಲ್ಲಿರಬೇಕು ಎಂದು ಹೇಳಿ ಕಳಿಸಿದ್ದರು. ಇವಳು ತಪ್ಪಿದರೆ ಹಡಗಲಿಯ ಇನ್ನೊಂದು ಹುಡುಗಿ ಕಾದಿದ್ದಳು.

ಸೋಮವಾರ ಬೆಳಿಗ್ಗೆಯೇ ತಾಯಿ ಮಗಳು ಬಂದು ಬೆಂಚಿನ ಮೇಲೆ ಕೂತರು. ರೇಣುಕಾ ಹಸಿರು ಲಂಗ ದಾವಣಿ ಉಟ್ಟು, ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡಿದ್ದಳು. ಕಾಲ ಬಳಿ ತಗಡಿನ ಟ್ರಂಕು. ಟ್ರಂಕ್ ಕಾಲ್ ಅಂದರೆ ಟ್ರಂಕು ಹೊತ್ತುಕೊಂಡೇ ಬರಬೇಕೇನೇ ಎಂದು ನಾನು ರೇಗಿಸಿದೆ. ಹುಡುಗಿ ನಕ್ಕಳು, ಹುಲಿಗೆಮ್ಮ ನಗಲಿಲ್ಲ. ಅವತ್ತು ಅವಳ ಕೈಗೆ ಪೊರಕೆಯೂ ಹತ್ತಲಿಲ್ಲ. ಹರಪನಹಳ್ಳಿಗೆ ಕಡೆಯ ಬಸ್ಸು ಸಂಜೆ ಐದಕ್ಕೆ.

ಬೆಳಿಗ್ಗೆ ಗಾಳಿ ಜೋರಿತ್ತು. ಹರಪನಹಳ್ಳಿ ಲೈನಿನಲ್ಲಿ ಈರಣ್ಣನ ಜೊತೆ ಮಾತಾಡುತ್ತಿದ್ದಾಗಲೇ ಕರಕರ ಎಂದು ಸದ್ದಾಗಿ ಲೈನು ಸತ್ತಿತು. ನಾನು ವಯರು ಕಿತ್ತೆ. ಪಂಪಯ್ಯನವರು ಓಡಿಬಂದು, ಹುಸೇನ್‌ಸಾಬನನ್ನು ಸೈಕಲ್ ಹತ್ತಿಸಿ ಕಳಿಸಿ, ರಟ್ಟು ತೂಗಿಬಿಟ್ಟರು. ರಟ್ಟು ತೂಗುವುದರಲ್ಲಿ ಅವರಷ್ಟು ಚುರುಕು ಇನ್ನೊಬ್ಬರನ್ನು ನಾನು ನೋಡಿಲ್ಲ.

ಕಾದೆವು. ಮಧ್ಯಾಹ್ನವಾಯಿತು. ಹುಲಿಗೆಮ್ಮ ತಂದ ರೊಟ್ಟಿ, ಪುಂಡಿಪಲ್ಯ ಗಂಟಿನಲ್ಲೇ ಉಳಿಯಿತು. ಕೂಡ್ಲಿಗಿ, ಕೊಟ್ಟೂರು ಲೈನುಗಳ ಚೀಟಿಗಳು ಸರಸರ ಖಾಲಿಯಾಗುತ್ತಿದ್ದವು, ಹರಪನಹಳ್ಳಿಯ ಮೊಳೆ ಮಾತ್ರ ತುಂಬುತ್ತಲೇ ಹೋಯಿತು. ಮಧ್ಯಾಹ್ನ ಇಳಿದು ಬಿಸಿಲು ಬಾಗಿಲೊಳಗೆ ಬಂತು. ರೇಣುಕಾ ನನ್ನನ್ನು ಏನೂ ಕೇಳಲಿಲ್ಲ, ಗೋಡೆ ಗಡಿಯಾರ ನೋಡುತ್ತಿದ್ದಳು, ಆಮೇಲೆ ರಟ್ಟು ನೋಡುತ್ತಿದ್ದಳು. ಶಿವಣ್ಣನಂತೆ ಕಾಟ ಕೊಟ್ಟಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಒಮ್ಮೆ ಬಡಿದು ನೋಡಲೇ ಎಂದು ಪಂಪಯ್ಯನವರನ್ನು ಕೇಳಿದೆ. ಹುಸೇನ್‌ಸಾಬ್ ಕಂಬದ ಮೇಲಿದ್ದರೆ, ಎಂದರು. ಅದೂ ನಿಜವೇ. ಸೀಟು ಹುಡುಗಿಯದು, ಕೈಕಾಲು ಅವನದು. ಏನು ಮಾಡಲೂ ತೋಚದೆ ಬೋರ್ಡನ್ನೇ ನೋಡುತ್ತ ಕೂತಿದ್ದಾಗ ಒಂದು ಸಣ್ಣ ಮಾತು ಹೊಳೆಯಿತು. ಶಾಕ್ ಹೊಡೆಯುವುದು ಹಿಡಿಕೆ ತಿರುಗಿಸಿದರೆ ತಾನೇ? ವಯರು ಸಿಕ್ಕಿಸಿ ಸುಮ್ಮನೆ ಕೇಳಿಸಿಕೊಂಡರೆ ಯಾರಿಗೇನಾಗುತ್ತದೆ?

“ಸಾರ್, ನಾ ಬಡಿಯಾಂಗಿಲ್ರಿ. ಬರೇ ಕಿವಿ ಇಡ್ತೀನಿ,” ಎಂದೆ.

“ರಟ್ಟು ಬಿದ್ದ ಮ್ಯಾಲೆ ಮುಟ್ಟಾಂಗಿಲ್ಲ ಅಂದೀನಿ, ಗೌರಮ್ಮ.”

“ಕಿವಿ ಇಟ್ರ ಹುಸೇನ್‌ಸಾಬಗ ಏನ್ ಹೊಡಿತತ್ರಿ ಸಾರ್? ನನ್ನ ಕಿವಿ, ನನ್ನ ತಲಿ. ಬೈಯೂದಿದ್ರ ಆಮ್ಯಾಲೆ ಬೈರಿ.”

ಅವರ ಉತ್ತರಕ್ಕೆ ಕಾಯದೆ ರಟ್ಟು ಎತ್ತಿದೆ. ಎತ್ತಿದವಳು ಹಾಗೆಯೇ ನಿಂತುಬಿಟ್ಟೆ. ರಟ್ಟಿನ ಅಡಿಯಲ್ಲಿ ಹಿತ್ತಾಳೆ ಮುಚ್ಚಳ ಬಿದ್ದಿತ್ತು. ಲೈನು ಯಾವಾಗಲೋ ಎದ್ದು, ಹುಸೇನ್‌ಸಾಬ್ ಬಡಿದು, ಮುಚ್ಚಳ ಬಿದ್ದು, ನಮ್ಮ ರಟ್ಟು ಅದರ ಮುಖಕ್ಕೇ ಪರದೆ ಕಟ್ಟಿತ್ತು. ಮುಚ್ಚಳದ ಜೊತೆ ಬಾರಿಸಬೇಕಾದ ಗಂಟೆಯನ್ನು, ತಲೆನೋವೆಂದು ಪಂಪಯ್ಯನವರು ಹಗಲು ಹೊತ್ತು ಬಂದ್ ಮಾಡಿಸಿದ್ದರು.

ವಯರು ಸಿಕ್ಕಿಸಿ ಕಿವಿ ಕೊಟ್ಟೆ. ಆ ಕಡೆಯಿಂದ ಕರುಂ ಕುರುಂ ಎಂದು ಸದ್ದು. ಮೊದಲು ಲೈನಿನ ದೋಷವೆಂದುಕೊಂಡೆ. ಆಮೇಲೆ ಯಾರೋ ಹಸಿಮೆಣಸಿನಕಾಯಿ ಕಚ್ಚಿ ಹಾ ಹಾ ಎಂದ ಹಾಗಾಯಿತು.

“ಈರಣ್ಣಾರ, ಮಂಡಕ್ಕಿ ತಿನ್ನಾಕತ್ತೀರೇನ್ರಿ?”

ಕರುಂ ಕುರುಂ ನಿಂತಿತು. ಈರಣ್ಣ ಬಾಯಲ್ಲಿದ್ದುದನ್ನು ನುಂಗಿ, ಬಹಳ ಮರ್ಯಾದೆಯಿಂದ, “ಹೌದ್ರಿ ಅಕ್ಕಾರ. ನೀವ್ ಯಾವಾಗ ಬಡೀತೀರೋ ಅಂತ ಫೋನು ಕಿವಿಗೆ ಕಟ್ಟಿಕೊಂಡಾ ಕುಂತೀನ್ರಿ. ರಟ್ಟು ನಿಮ್ಮದು, ನಾ ಹೆಂಗ ಮೊದಲು ಬಡೀಲ್ರಿ?” ಎಂದ.

ರಟ್ಟು ತೂಗಿದವರು ನೀವು, ನೀವೇ ಎಬ್ಬಿಸಿ ಎಂದು ಅವನು, ಎಬ್ಬಿಸಿದ ಸುದ್ದಿ ಬರಲಿ ಎಂದು ನಾವು. ಇಬ್ಬರೂ ನಿಯಮ ಮುರಿದಿರಲಿಲ್ಲ. ಜೀವಂತ ಲೈನಿನ ಎರಡು ತುದಿಯಲ್ಲಿ ಇಬ್ಬರು ಮರ್ಯಾದಸ್ಥರು ಬೆಳಿಗ್ಗೆಯಿಂದ, ನೀವು ಮೊದಲು, ನೀವು ಮೊದಲು ಎಂದು ಕೂತಿದ್ದೆವು. ನಗುವುದೋ ಅಳುವುದೋ ತಿಳಿಯಲಿಲ್ಲ. ಸಿಸ್ಟರ್ ಚೀಟಿ ಇದೆಯೇ ಎಂದೆ. ಎಲ್ಲಕ್ಕಿಂತ ಮೇಲೆ ಅದೇ ಇದೆ, ಎರಡು ಸಲ ಬಂದು ಕೇಳಿ ಹೋದರು, ಈಗ ಮೂರನೇ ಸಲ ಬಂದು ಇಲ್ಲೇ ನಿಂತಿದ್ದಾರೆ, ಬಹಳ ಸಿಟ್ಟಾಗಿದ್ದಾರೆ ಎಂದ. ಕೊಡಪ್ಪ ಬೇಗ ಎಂದೆ.

ಮಾತಾಡುವವರಿಗೆ ನಮ್ಮಲ್ಲಿ ಗಾಜಿನ ಬಾಗಿಲಿನ ಸಣ್ಣ ಮರದ ಗೂಡಿತ್ತು. ರೇಣುಕಾ ಒಳಗೆ ಹೋಗಿ ಮಾತಾಡಿದಳು. ಸೀಟು ಖಾಲಿ ಇತ್ತು. ಇನ್ನು ಸ್ವಲ್ಪ ಹೊತ್ತು ನೋಡಿ ಹಡಗಲಿಗೆ ಚೀಟಿ ಬರೆಸುವವಳಿದ್ದೆ ಎಂದರು ಸಿಸ್ಟರ್. ತಾಯಿಯನ್ನು ಕರೆ, ಅವರ ಬಾಯಿಂದಲೇ ಒಪ್ಪಿಗೆ ಬೇಕು, ನಾಳೆ ಅತ್ತುಕೊಂಡು ಬಂದು ಮಗಳನ್ನು ವಾಪಸ್ ಕರೆದುಕೊಂಡು ಹೋಗುವ ತಾಯಂದಿರನ್ನು ನೋಡಿ ಸಾಕಾಗಿದೆ ಎಂದರು. ಲೈನು ಆಗಾಗ ಕರಕರ ಅನ್ನುತ್ತಿತ್ತು, ಯಾವ ಗಳಿಗೆಯಲ್ಲಿ ಮತ್ತೆ ಸಾಯುವುದೋ ಎಂದು ನಾನು ವಯರಿನ ತುದಿಯನ್ನು ಒತ್ತಿ ಹಿಡಿದು ಕೂತಿದ್ದೆ.

ಹುಲಿಗೆಮ್ಮ ಗೂಡಿನೊಳಗೆ ಹೋದಳು. ನಮ್ಮ ಫೋನುಗಳನ್ನೆಲ್ಲ ದಿನವೂ ಒರೆಸಿದವಳೇ ಹೊರತು, ಒಂದನ್ನೂ ಕಿವಿಗೆ ಇಟ್ಟವಳಲ್ಲ. ಮಗಳು ಕಿವಿಗೆ ಹಿಡಿಸಿದಳು. ಸಿಸ್ಟರ್ ಕೇಳಿದರು: “ಅಮ್ಮಾ, ಮಗಳನ್ನ ಮೂರು ವರ್ಷ ನಮ್ಮಲ್ಲಿ ಬಿಡ್ತೀರಾ? ಓದಿಸೋಕೆ ನಿಮಗೆ ಒಪ್ಪಿಗೆಯಾ?”

ಗಾಜಿನಾಚೆ ಹುಲಿಗೆಮ್ಮ ಜೋರಾಗಿ ತಲೆಯಾಡಿಸಿದಳು.

ಹಲೋ, ಕೇಳಿಸ್ತಾ ಅಮ್ಮಾ, ಎಂದರು ಸಿಸ್ಟರ್. ಹುಲಿಗೆಮ್ಮ ಮತ್ತೆ ತಲೆಯಾಡಿಸಿದಳು. ಕಣ್ಣಲ್ಲಿ ನೀರು, ಬಾಯಿಂದ ಸ್ವರವಿಲ್ಲ. ರೇಣುಕಾ ಮಾತಾಡಬೇ, ಮಾತಾಡಬೇ ಎಂದು ಅವಳ ಭುಜ ಅಲುಗಿಸುತ್ತಿದ್ದಳು. ಆ ತಾಯಿ ಇನ್ನೂ ಜೋರಾಗಿ ತಲೆಯಾಡಿಸುತ್ತಿದ್ದಳು. ಆ ಕಡೆ ಸಿಸ್ಟರ್, ಇಷ್ಟವಿಲ್ಲ ಅಂತ ಕಾಣುತ್ತೆ, ಬಲವಂತ ಬೇಡ, ಇಡ್ತೀನಿ ಎಂದರು.

ಗಿರಾಕಿಗಳ ಮಾತಿನ ನಡುವೆ ಆಪರೇಟರ್ ಬಾಯಿ ಹಾಕಕೂಡದು. ಅದು ಪಂಪಯ್ಯನವರ ನಿಯಮವಲ್ಲ, ನೌಕರಿ ಹೋಗುವಂಥ ನಿಯಮ. ಪಂಪಯ್ಯನವರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು.

“ಇಡಬ್ಯಾಡ್ರಿ ಸಿಸ್ಟರ್,” ಎಂದುಬಿಟ್ಟೆ. “ನಾನು ಆಪರೇಟರ್. ಆಕಿ ಹೂಂ ಅನ್ನಾಕತ್ತಾಳ್ರಿ. ತಲಿ ಆಡಸಾಕತ್ತಾಳ. ನನಗ ಗಾಜಿನ್ಯಾಗ ಕಾಣಾಕತ್ತೈತಿ.”

ಬೆನ್ನ ಹಿಂದಿನಿಂದ ಪಂಪಯ್ಯನವರ ಕೈ ಬಂತು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ನನ್ನ ಬಾಯಿಯ ಮುಂದಿನ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡು, ಗಂಟಲು ಸರಿಮಾಡಿಕೊಂಡರು.

“ನಮಸ್ಕಾರ್ರಿ ಸಿಸ್ಟರ್, ನಾನು ಸೂಪರ್‌ವೈಸರ್. ನಾನೂ ನೋಡೀನಿ. ಕುತಿಗಿ ಮುರಿಯೂವಂಗ ಆಡಸಾಕತ್ತಾಳ್ರಿ.”

ಆ ಕಡೆ ಸಿಸ್ಟರ್ ನಕ್ಕ ಸದ್ದು. ಈರಣ್ಣನೂ ನಕ್ಕಿದ್ದು ಕೇಳಿಸಿತು. ಹಾಗಾದರೆ ಸಂಜೆ ಬಸ್ಸಿಗೆ ಕಳಿಸಿ, ನಾನೇ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಎಂದರು.

ಹೊಸಬರು ತಿಳಿಯಲೆಂದು ಮರುದಿನದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಪಂಪಯ್ಯನವರು ರಟ್ಟನ್ನು ಕಿರಿದಾಗಿ ಕತ್ತರಿಸಿ, ಮುಚ್ಚಳ ಕಾಣುವಂತೆ ಕೆಳಗೆ ತೂಗುಹಾಕಿದರು. ಹಗಲಿನ ಗಂಟೆ ಮತ್ತೆ ಬಾರಿಸತೊಡಗಿತು. ನಿಯಮವೂ ಬದಲಾಯಿತು. ನಿಂತ ಲೈನಿಗೆ ಬಡಿಯಬೇಡಿ, ಅದು ಇನ್ನೊಬ್ಬನ ಮೈಗೆ ತಾಗುತ್ತದೆ. ಆದರೆ ರಟ್ಟು ತೂಗಿದ ಕೂಡಲೇ ಒಮ್ಮೆ ಕಿವಿ ಕೊಡಿ, ಯಾಕೆಂದರೆ ನೀವು ತೂಗುತ್ತಿರುವಾಗಲೇ ಅದು ಎದ್ದಿರಬಹುದು. ಆಮೇಲೂ ಕೆಲಸದ ನಡುವೆ ಆಗಾಗ ಕಿವಿ ಕೊಡಿ. ಎಬ್ಬಿಸುವವನು ಎಬ್ಬಿಸಿಯೇ ತೀರುತ್ತಾನೆ ಎಂದು ಪೂರ್ತಿ ನಂಬಿ ಕೂರಬೇಡಿ, ಅವನು ಎಬ್ಬಿಸಿ ಹೋಗಿದ್ದು ನಿಮಗೆ ಕೇಳಿಸದೆಯೂ ಇರಬಹುದು. ಸುಮಾಳ ಯಂತ್ರಕ್ಕೂ ಇದೇ ಸರಿ ಎಂದು ನನ್ನ ತಲೆಗೆ ತೋಚುತ್ತದೆ, ಅವಳೂ ಹೂಂ ಅಂದಿದ್ದಾಳೆ.

ಅವತ್ತು ಬಸ್ಸಿಗೆ ಹೊತ್ತೇ ಇರಲಿಲ್ಲ. ದೇವರು ಕಳಿಸಿದ ಹಾಗೆ ಹುಸೇನ್‌ಸಾಬ್ ಕೊಟ್ಟೂರು ರಸ್ತೆಯ ಕೆಲಸ ಮುಗಿಸಿ ಬಂದ. ಹರಪನಹಳ್ಳಿ ಲೈನು ಬೆಳಿಗ್ಗೆನೇ ಕೊಟ್ಟೀನಲ್ರಿ, ಯಾಕ ಇಲ್ಲಿಂದ ಯಾರೂ ಮಾತಾಡಲಿಲ್ಲ ಎಂದು ಕೇಳುತ್ತಲೇ ಒಳಗೆ ಕಾಲಿಟ್ಟವನನ್ನು ಪಂಪಯ್ಯನವರು ಹಾಗೆಯೇ ಹಿಂದಕ್ಕೆ ತಿರುಗಿಸಿದರು. ರೇಣುಕಾ ಸೈಕಲ್ಲಿನ ಹಿಂದೆ ಕೂತು ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡಳು. ಹುಸೇನ್‌ಸಾಬ್ ಗಂಟೆ ಬಾರಿಸುತ್ತ, ಸಂತೆಗೆ ಬಂದವರನ್ನೆಲ್ಲ ಬೈಯುತ್ತ ಬಜಾರಿನ ನಡುವೆ ಸೈಕಲ್ ಹೊಡೆದ. ಹುಲಿಗೆಮ್ಮ ರೊಟ್ಟಿಯ ಗಂಟು ಹಿಡಿದು ಹಿಂದೆ ಓಡಿದಳು. ನಾನು ಬೋರ್ಡು ಬಿಟ್ಟು ಏಳುವ ಹಾಗಿಲ್ಲ, ಕುರ್ಚಿಯಲ್ಲೇ ಕುದಿಯುತ್ತ ಕೂತೆ.

ಬಹಳ ಹೊತ್ತಿನ ಮೇಲೆ ಹುಲಿಗೆಮ್ಮ ಒಬ್ಬಳೇ ವಾಪಸ್ಸು ಬಂದಳು. ಕೈಯಲ್ಲಿ ಗಂಟಿರಲಿಲ್ಲ. ಸಿಕ್ತೇನವ್ವಾ ಬಸ್ಸು ಎಂದೆ. ಮತ್ತೆ ತಲೆಯಾಡಿಸಿದಳು, ಈ ಸಲ ನಕ್ಕಳು. ಗೂಡಿನ ಮೂಲೆಯಿಂದ ಪೊರಕೆ ತೆಗೆದುಕೊಂಡಳು. ಇವತ್ತು ಕಸ ಇರಲಿ, ಮನೆಗೆ ಹೋಗು ಎಂದರು ಪಂಪಯ್ಯನವರು. ಅವಳು ಹೋಗಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ನನ್ನ ಪಕ್ಕಕ್ಕೆ ಬಂದು ನಿಂತು, ಹರಪನಹಳ್ಳಿ ತೂತು ಯಾವುದು ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಬೋರ್ಡಿಗೆ ಯಾರನ್ನೂ ಕೈ ಹಚ್ಚಗೊಡದ ಪಂಪಯ್ಯನವರು ಕಿಟಕಿಯ ಕಡೆ ತಿರುಗಿ ನಿಂತರು. ಹುಲಿಗೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಆ ತೂತಿನ ಸುತ್ತ, ಆ ಹಿತ್ತಾಳೆ ಮುಚ್ಚಳದ ಮೇಲೆ, ಮಗುವಿನ ಮುಖ ಒರೆಸುವಂತೆ ಮೆಲ್ಲಗೆ ಒರೆಸಿದಳು.

“ಗೌರಕ್ಕಾ,” ಎಂದಳು, “ನನ್ನ ಮಗಳು ಇದರಾಚಿ ಅದಾಳ. ಇದನ್ನೊಂದು ನಿಂದ್ರಾಕ ಬಿಡಬ್ಯಾಡ ಯವ್ವಾ.”